ಬೆಟ್ಟಕ್ಕೆ ಹೊರಟವರ ಬುತ್ತಿ

ಬೆಟ್ಟ ಹತ್ತಲು ಹೊರಟ ಹುಡುಗರ ಬ್ಯಾಗು ಬಿಚ್ಚಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿಪ್ಸು, ಕೇಕು, ನೂಡಲ್ಸು! ಕುದುರೆಮುಖದ ಕಾಡಿನಲ್ಲಿ ಬೆಂಕಿ ಹಚ್ಚುವ ಹಾಗೇ ಇಲ್ಲ, ನೂಡಲ್ಸು ಯಾತಕ್ಕೆ ಹೊರುತ್ತೀರಿ? ಬುತ್ತಿ ಹಗುರ ಇರಬೇಕು, ಬೇಯಿಸದೆ ತಿನ್ನುವಂತಿರಬೇಕು, ಬೇಗ ಹಳಸಬಾರದು. ಅಷ್ಟೇ ಅಲ್ವಾ?

ಮೊದಲ ಮಧ್ಯಾಹ್ನಕ್ಕೆ ಪುಳಿಯೋಗರೆ ಸಾಕು. ಗೊಜ್ಜು ಎಣ್ಣೆ ಬಿಡುವ ತನಕ ಕುದಿಯಲಿ. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ. ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಹಳಸುತ್ತದೆ. ಕಾಯಿತುರಿ, ಈರುಳ್ಳಿ ಬೇಡವೇ ಬೇಡ. ಅಕ್ಕಿರೊಟ್ಟಿ ನಮಗೆಲ್ಲ ಪ್ರಾಣ, ಆದರೆ ಆರಿದರೆ ಚಕ್ಕಳ. ಹಾಲಲ್ಲಿ ಕಲಸಿದ ಚಪಾತಿ ಒಯ್ಯಿರಿ.

ಅದು ಮುಗಿದ ಮೇಲೆ ರಾಗಿ ಹುರಿಹಿಟ್ಟೇ ಗತಿ. ಅಂಗಡಿಯ ರಾಗಿಹಿಟ್ಟನ್ನು ಸುಮ್ನೆ ಬಾಣಲೆಯಲ್ಲಿ ಬಿಸಿ ಮಾಡಿ ಹುರಿಹಿಟ್ಟು ಅನ್ನಬೇಡಿ. ರಾಗಿ ಅರಳಬೇಕು. ಹಿಂದಿನ ರಾತ್ರಿ ರಾಗಿ ತೊಳೆದು, ಕಲ್ಲು ತೆಗೆದು, ನೀರು ಬಸಿಯಿರಿ. ಸ್ವಲ್ಪ ಹುಳಿಮಜ್ಜಿಗೆ ಚಿಮುಕಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಬೆಳಗ್ಗೆ ನೆರಳಲ್ಲಿ ಹರಡಿ. ಬಿಸಿಲಿಗೆ ಹಾಕಿದಿರೋ, ಕೆಟ್ಟಿತು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕಾಳು ಕೈಗೆ ಅಂಟಬಾರದು, ಆದರೂ ತಣ್ಣಗಿರಬೇಕು. ಆ ಹದ ಕೈಗೇ ಗೊತ್ತಾಗಬೇಕು. ದಪ್ಪ ಬಾಣಲೆಯಲ್ಲಿ ತೊಳೆದು ಒಣಗಿಸಿದ ಮರಳು ಚೆನ್ನಾಗಿ ಕಾಯಲಿ. ನಾಲ್ಕು ಕಾಳು ಹಾಕಿ ನೋಡಿ, ತಕ್ಷಣ ಪಟಪಟ ಅನ್ನಬೇಕು. ಒಂದು ಸಲಕ್ಕೆ ಒಂದೇ ಹಿಡಿ. ಬಟ್ಟೆ ಸುತ್ತಿದ ಕೋಲಿನಿಂದ ಕೈ ನಿಲ್ಲಿಸದೆ ಆಡಿಸಿ. ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಬೆಳ್ಳಗೆ ಅರಳುತ್ತದೆ. ಕೂಡಲೇ ಜರಡಿಗೆ ಸುರಿದು ಮರಳು ಇಳಿಸಿ, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಮೊಬೈಲ್ ನೋಡುತ್ತಾ ಮಾಡುವ ಕೆಲಸ ಅಲ್ಲ ಇದು. ಹಾಂ, ಆ ಕಬ್ಬಿಣದ ಬಾಣಲೆಗೆ ಸೋಪು ಹಾಕಿ ತಿಕ್ಕಬೇಡಿ. ಬಿಸಿನೀರಲ್ಲಿ ಉಜ್ಜಿ, ಒರೆಸಿ, ಒಂದು ಹನಿ ಎಣ್ಣೆ ಸವರಿಡಿ. ಸೊಸೆಗೆ ಹೇಳಿ ಹೇಳಿ ಸಾಕಾಯಿತು.

ಅರಳು ಪೂರ್ತಿ ಆರಿದ ಮೇಲೆ ಗಿರಣಿಗೆ ಕೊಡಿ. ಖಾರದಪುಡಿಯ ಮಿಷನ್ನಿಗೆ ಹಾಕಬೇಡ ಅಂತ ಹೇಳಿ, ಅಲ್ಲೇ ನಿಂತು ನೋಡಿ. ಬೆಲ್ಲ ಮೊದಲೇ ಬೆರೆಸಬೇಡಿ, ಮಲೆನಾಡಿನ ಥಂಡಿಗೆ ಹಿಟ್ಟೆಲ್ಲ ಗಂಟಾಗುತ್ತದೆ. ಪುಡಿಬೆಲ್ಲ, ಏಲಕ್ಕಿ ಬೇರೆ ಪೊಟ್ಟಣದಲ್ಲಿರಲಿ. ತಿನ್ನುವಾಗ ಹಿಟ್ಟಿಗೆ ಬೆಲ್ಲ ಸೇರಿಸಿ, ನೀರು ಚಿಮುಕಿಸುತ್ತಾ ಉಂಡೆ ಕಟ್ಟಿ. ಒಣಹಿಟ್ಟು ಬಾಯಿಗೆ ಹಾಕಿಕೊಂಡು ಏರು ಹತ್ತಿದರೆ ನೆತ್ತಿಗೇರುತ್ತದೆ. ದೀಪಾವಳಿಗೆ ದೇವೀರಮ್ಮನ ಬೆಟ್ಟಕ್ಕೆ ಹೋದಾಗ ನಮ್ಮತ್ತೆ ಇದನ್ನೇ ಸೆರಗಲ್ಲಿ ಕಟ್ಟಿಕೊಂಡಿರುತ್ತಿದ್ದರು. ದರ್ಶನ ಮುಗಿಸಿ ಇಳಿದ ಮೇಲೆ ಎರಡು ಉಂಡೆ ಕೈಗಿಟ್ಟರೆ ಸಂಜೆ ತನಕ ಹಸಿವಿನ ಸುದ್ದಿಯೇ ಇಲ್ಲ.

1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಸರ್ಪದಾರಿಯಲ್ಲಿ ಹತ್ತುವವರು ನಿಂಬೆ ಉಪ್ಪಿನಕಾಯಿ ಮರೆಯಬೇಡಿ. ಬೋಳು ಹುಲ್ಲಿನ ಬೆಟ್ಟ, ನೆರಳಿಲ್ಲ. ಬೆವರಿಗೆ ಹೋದ ಉಪ್ಪು ಒಳಗೆ ಸೇರಬೇಕು. ನೀರು ಮನೆಯಿಂದಲೇ ಹೊರಬೇಕು, ಜಾಸ್ತಿಯೇ ಹೊರಿ. ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿಗೆ ಇಷ್ಟೆಲ್ಲ ಬೇಡ. ದಾರಿಯುದ್ದ ಜನ ಊಟ, ಮಜ್ಜಿಗೆ ಕೊಡುತ್ತಾರೆ. ಅವರಿಗೆ ಹುರಿಹಿಟ್ಟಿನ ಸಣ್ಣ ಡಬ್ಬಿ ಒಂದಿದ್ದರೆ ಸಾಕು.