ಹಕ್ಕಿ ಏಳೋ ಹೊತ್ತಿಗೆ ಪಂಪೂ ಏಳಬೇಕು

ಚಿತ್ರದುರ್ಗದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್‌ನಿಂದ ಎತ್ತಿ ತಂದ ಸಬ್‌ಮರ್ಸಿಬಲ್ ಮೋಟರ್ ಬಿಚ್ಚಿ, ಸುಟ್ಟ ಕಾಯಿಲ್ ಕಿತ್ತು ಹೊಸದು ಸುತ್ತೋದು ಕೆಲಸ. ಐದು ಎಚ್‌ಪಿ, ಏಳೂವರೆ ಎಚ್‌ಪಿ ನೋಡಿದ ಕಣ್ಣಿಗೆ ಕಿರುಬೆರಳುದ್ದದ ಸೋಲಾರ್ ಪಂಪು ಆಟದ ಸಾಮಾನಿನಂತೆ ಕಂಡಿತ್ತು. ಆ ಆಟದ ಸಾಮಾನು ನನ್ನನ್ನು ಒಂದೂವರೆ ವರ್ಷ ಆಡಿಸಿತು.

ನಮ್ಮವ್ವ ಪ್ರತಿ ಬೇಸಿಗೆ ಕಾಂಪೌಂಡ್ ಗೋಡೆ ಮೇಲೆ ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತಾಳೆ. ಹೋದ ವರ್ಷದ ಹಿಂದಿನ ಶಿವರಾತ್ರಿ ಹೊತ್ತಿಗೆ ಮಗಳು ಮೊಬೈಲ್‌ನಲ್ಲಿ ಕಾರಂಜಿಯೊಂದನ್ನು ತೋರಿಸಿ, "ಅಪ್ಪಾ, ಹಕ್ಕಿ ಸ್ನಾನ ಮಾಡ್ತಾವೆ ನೋಡು, ತರಿಸು" ಅಂದಳು. ಅವ್ವನ ಪ್ರಶ್ನೆ ಬೇರೆ: "ಹಕ್ಕಿಗೆ ನೀರಿಡೋಕೂ ಕರೆಂಟ್ ಬೇಕೇನಪ್ಪಾ?"

ಬಂದದ್ದು ನೀರ ಮೇಲೆ ತೇಲುವ ಬಿಲ್ಲೆ. ಮೇಲೆ ಒಂದೂವರೆ ವ್ಯಾಟ್ ಪ್ಯಾನಲ್, ಕೆಳಗೆ ಪಂಪು, ನಡುವೆ ನಾಜಲ್. ಬೆಲೆ ಐನೂರರೊಳಗೆ. ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಬಿಟ್ಟು ಅಂಗಳದ ನಡುವೆ ಬಿಸಿಲಿಗಿಟ್ಟೆ. ಎರಡಡಿ ಎತ್ತರಕ್ಕೆ ಚಿಮ್ಮಿತು, ಓಣಿ ಮಕ್ಕಳೆಲ್ಲ ಬಂದು ನೋಡಿದರು, ಹಕ್ಕಿ ಮಾತ್ರ ಬರಲಿಲ್ಲ. ಎರಡನೇ ದಿನ ಹನ್ನೊಂದು ಗಂಟೆಗೆ ನೋಡಿದರೆ ಬೋಗುಣಿ ಅರ್ಧ ಖಾಲಿ, ಪಂಪು ಒಣಗಿ ಗರ್ ಅನ್ನುತ್ತಿದೆ. ಎರಡಡಿ ಮೇಲೆ ಹೋದ ನೀರನ್ನು ಗಾಳಿ ಆಚೆ ಒಯ್ದಿತ್ತು. ನಮ್ಮೂರ ಗುಡ್ಡಗಳ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು ತಿರುಗೋದು ದಿನಾ ಕಾಣುತ್ತದೆ. ಆಷಾಢ ಬಂದರೆ ತಗಡೇ ಹಾರುವ ಊರಲ್ಲಿ ಇಂಥ ಕಾರಂಜಿ ನಿಲ್ಲದು ಅಂತ ನನಗೆ ಮೊದಲೇ ಹೊಳೆಯಬೇಕಿತ್ತು.

ಗಾಳಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಹಕ್ಕಿಗೆ ಬೇಕಾದ್ದು ಒಂದಿಂಚು, ಹೆಚ್ಚೆಂದರೆ ಎರಡಿಂಚು ಆಳದ ನೀರು, ಕಾಲು ಜಾರದ ತಳ. ನನ್ನ ಬೋಗುಣಿ ಆರಿಂಚು ಆಳ, ಗಾಜಿನಷ್ಟು ನುಣುಪು. ತೇಲುವ ಬಿಲ್ಲೆಗೆ ಒಂದಿಷ್ಟು ಆಳ ಬೇಕೇ ಬೇಕು, ಇಲ್ಲದಿದ್ದರೆ ಪಂಪು ಮುಳುಗುವುದಿಲ್ಲ. ಅಂದರೆ ಬಿಲ್ಲೆಗೆ ಸರಿಹೋಗುವ ಪಾತ್ರೆ ಹಕ್ಕಿಗೆ ಆಗದು, ಹಕ್ಕಿಗೆ ಆಗುವ ಪಾತ್ರೆ ಬಿಲ್ಲೆಗೆ ಸಾಲದು. ಜೊತೆಗೆ ಬಿಸಿಲಿನ ತಂಟೆ. ಪ್ಯಾನಲ್ಲಿಗೆ ಸುಡುಬಿಸಿಲು ಬೇಕು, ಹಕ್ಕಿಗೆ ನೆರಳು. ಏಪ್ರಿಲ್ ಮಧ್ಯಾಹ್ನ ಆ ನೀರಿಗೆ ಕೈ ಅದ್ದಿದರೆ ಮೈ ತೊಳೆಯಲು ಕಾಯಿಸಿದ ಹಾಗಿತ್ತು. ಬಿಲ್ಲೆಯನ್ನು ಹೊಂಗೆ ಮರದಡಿ ತಳ್ಳಿದೆ. ಒಂದೇ ಒಂದು ಎಲೆಯ ನೆರಳು ಬಿದ್ದರೂ ಕಾರಂಜಿ ಕುಸಿಯಿತು. ಪ್ಯಾನಲ್ಲಿನ ಸೆಲ್‌ಗಳೆಲ್ಲ ಸರಣಿಯಲ್ಲಿ ಸೇರಿರುತ್ತವೆ. ಒಂದಕ್ಕೆ ನೆರಳಾದರೆ ಅದು ಉಳಿದವುಗಳ ಕರೆಂಟನ್ನೂ ತಡೆಯುತ್ತದೆ, ದೀಪಾವಳಿ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಕೆಟ್ಟರೆ ಸಾಲೇ ಆರುವ ಹಾಗೆ. ಹಾಗಾಗಿ ಯಾರಾದರೂ ತೇಲುವ ಬಿಲ್ಲೆ ಕೊಳ್ಳಲೇ ಅಂತ ಕೇಳಿದರೆ, ತಾವರೆ ಬೆಳೆಸಿದ ತೊಟ್ಟಿಯಿದ್ದರೆ ಕೊಳ್ಳಿ, ಹಕ್ಕಿಗಾದರೆ ಬೇಡ ಅನ್ನುತ್ತೇನೆ.

ಎರಡನೇ ಸಲ ಪ್ಯಾನಲ್ ಬೇರೆ, ಪಂಪು ಬೇರೆ ಇರುವ ಸೆಟ್ ತರಿಸಿದೆ. ಐದು ವ್ಯಾಟ್ ಪ್ಯಾನಲ್ಲು, ಮೂರು ಮೀಟರ್ ವೈರು, ಬ್ಯಾಟರಿ ಇಲ್ಲ. ಡಬ್ಬದ ಮೇಲೆ ಗಂಟೆಗೆ ಇನ್ನೂರು ಲೀಟರ್, ಎತ್ತರ ಒಂದೂವರೆ ಮೀಟರ್ ಅಂತ ಬರೆದಿತ್ತು. ಇದನ್ನು ಓದುವಾಗ ನನ್ನ ಕಸುಬು ನೆರವಿಗೆ ಬಂತು. ಬೋರ್ ಮೋಟರ್ ಆಗಲಿ, ಈ ಗುಬ್ಬಿ ಪಂಪಾಗಲಿ, ಆ ಎರಡು ಅಂಕಿ ಒಟ್ಟಿಗೆ ಸಿಗೋದಿಲ್ಲ. ಇನ್ನೂರು ಲೀಟರ್ ಬರೋದು ಎತ್ತರವೇ ಇಲ್ಲದಾಗ. ಒಂದೂವರೆ ಮೀಟರ್ ಏರಿದ ಕಡೆ ನೀರೇ ಬೀಳೋದಿಲ್ಲ, ಪೈಪಿನ ಬಾಯಿಗೆ ಬಂದು ನಿಂತಿರುತ್ತದೆ. ಎರಡಡಿ ಎತ್ತರಕ್ಕೆ ಹಿಡಿದು ಲೀಟರ್ ಬಾಟಲಿ ಒಡ್ಡಿದೆ, ನೆತ್ತಿ ಬಿಸಿಲಲ್ಲಿ ತುಂಬಲು ಮೂವತ್ತೈದು ಸೆಕೆಂಡ್ ಹಿಡಿಯಿತು. ಗಂಟೆಗೆ ನೂರು ಲೀಟರ್ ಅಂತಿಟ್ಟುಕೊಳ್ಳಿ. ಹಕ್ಕಿಗೆ ಅಷ್ಟೂ ಬೇಡ.

ಬಾನಿಯನ್ನು ನಾನೇ ಎರಕ ಹೊಯ್ದೆ. ಒದ್ದೆ ಮರಳನ್ನು ರೊಟ್ಟಿ ಹೆಂಚು ಬೋರಲು ಹಾಕಿದಂತೆ ತಗ್ಗಾದ ಗುಡ್ಡೆ ಮಾಡಿ, ಮೇಲೆ ಹಳೇ ಪೇಪರ್ ಹಾಸಿ, ಒಂದಕ್ಕೆ ಮೂರರಂತೆ ಸಿಮೆಂಟ್ ಮರಳು ಕಲಸಿ ಒಂದೂವರೆ ಇಂಚು ದಪ್ಪ ಬಳಿದೆ. ಹದಿನಾರಿಂಚು ಅಗಲ, ನಡುವೆ ಎರಡಿಂಚು ಆಳ, ಅಂಚಿಗೆ ಬಂದರೆ ಅರ್ಧ ಇಂಚು. ಒಂದು ಕಡೆ ಅಂಚಿನಲ್ಲಿ ಕಾಲಿಂಚು ತಗ್ಗಿಸಿದೆ, ಹೆಚ್ಚಾದ ನೀರು ಅಲ್ಲಿಂದಲೇ ಇಳಿಯಬೇಕು. ಮಗುಚಿ ತೆಗೆದ ಮೇಲೆ ಒಳಗೆ ಸಿಮೆಂಟ್ ಹಾಲು ಬಳಿದು ದಪ್ಪ ಮರಳು ಉದುರಿಸಿದೆ, ಉಗುರಿಗೆ ಹಿಡಿತ ಸಿಗಲಿ ಅಂತ. ಹೊಸ ಸಿಮೆಂಟ್ ನೀರಿಗೆ ಸುಣ್ಣದ ಖಾರ ಬಿಡುತ್ತದೆ. ಎರಡು ವಾರ ದಿನಾ ನೀರು ಬದಲಿಸುತ್ತಾ ನೆನೆಹಾಕಿದ ಮೇಲೆಯೇ ಹಕ್ಕಿಗೆ ಬಿಟ್ಟದ್ದು.

ಹೊಂಗೆಯ ನೆರಳಲ್ಲಿ ಹಾಲೋ ಬ್ಲಾಕ್ ಪೇರಿಸಿ ಎರಡೂವರೆ ಅಡಿ ಎತ್ತರಕ್ಕೆ ಬಾನಿ ಕೂರಿಸಿದೆ. ಬ್ಲಾಕ್‌ಗಳ ನಡುವೆ, ಇನ್ನೊಂದು ಬ್ಲಾಕ್ ಮೇಲೆ, ಇಪ್ಪತ್ತು ಲೀಟರ್ ಬಕೆಟ್. ಪಂಪು ಅದರೊಳಗೆ. ನೀರು ಬಾನಿಗೆ ಏರಿ, ತಗ್ಗಿದ ಅಂಚಿಂದ ಮತ್ತೆ ಬಕೆಟ್ಟಿಗೇ ಇಳಿಯುತ್ತದೆ. ಕೋಟೆಯಲ್ಲಿ ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಹರಿಯುವಂತೆ ಕಟ್ಟಿದ್ದನ್ನು ಚಿಕ್ಕವನಿದ್ದಾಗಿಂದ ನೋಡಿದ್ದೇನೆ. ಗೋಪಾಲಸ್ವಾಮಿ ಹೊಂಡದ ನೀರು ಅಕ್ಕ-ತಂಗಿ ಹೊಂಡಕ್ಕೆ ಬರುವ ಲೆಕ್ಕ. ಕೋಟೆ ಕಟ್ಟಿದವರು ಸೋಸಿಬಂದ ಮಳೆನೀರನ್ನು ಇಳಿಸುತ್ತಾ ಹೋದರು, ನಾನು ಅದೇ ನೀರನ್ನು ಮೇಲೆ ಕೆಳಗೆ ಸುತ್ತಿಸುತ್ತೇನೆ, ಅಷ್ಟೇ ವ್ಯತ್ಯಾಸ. ಬಕೆಟ್ ಇದ್ದಿದ್ದರಿಂದ ಪಂಪು ಒಣಗಿ ಓಡುವ ಭಯ ಹೋಯಿತು. ಏಪ್ರಿಲ್‌ನಲ್ಲೂ ದಿನಕ್ಕೆ ಎರಡು ಲೀಟರ್ ಸುರಿದರೆ ಸಾಕು.

ನಾಜಲ್ ಎಸೆದೆ. ಪೈಪಿನ ತುದಿಯನ್ನು ಚಪ್ಪಟೆ ಕಲ್ಲಿನಡಿ ಸಿಕ್ಕಿಸಿದೆ. ನೀರು ಈಗ ಚಿಮ್ಮುವುದಿಲ್ಲ, ಕಲ್ಲಿನ ಸಂದಿಂದ ಗುಳುಗುಳು ಅಂತ ಉಕ್ಕುತ್ತದೆ. ನಾಲ್ಕನೇ ದಿನ ಪಿಕಳಾರದ ಜೋಡಿ ಕೊಂಬೆಯಿಂದ ಕತ್ತು ಓರೆ ಮಾಡಿ ಆ ಸದ್ದು ಕೇಳುತ್ತಾ ಕೂತಿತ್ತು. ಒಂದು ಇಳಿಯಿತು. ಅಂಚಲ್ಲಿ ನಿಂತು ಒಂದು ಗುಟುಕು, ಎರಡು ಹೆಜ್ಜೆ ಒಳಗೆ, ಹೊಟ್ಟೆ ತೋಯುವಷ್ಟು ಕುಕ್ಕರಿಸಿ ಬಾಲದಡಿಯ ಕೆಂಪು ಕಾಣುವ ಹಾಗೆ ರೆಕ್ಕೆ ಬಡಿಯಿತು. ಅಂಗಡಿ ಬಾಗಿಲು ತೆರೆಯಲು ಆವತ್ತು ಹತ್ತೂವರೆ ಆಯಿತು.

ಆದರೆ ದಿನಾ ನೋಡುತ್ತಾ ಹೋದಂತೆ ಒಂದು ವಿಷಯ ಚುಚ್ಚತೊಡಗಿತು. ಪಿಕಳಾರ, ಮಡಿವಾಳ, ಹರಟೆಮಲ್ಲಗಳ ಗುಂಪು ಬರೋದು ಬೆಳಿಗ್ಗೆ ಏಳರಿಂದ ಎಂಟೂವರೆ. ಪಂಪು ಏಳೋದು ಒಂಬತ್ತೂಕಾಲಿಗೆ! ಪ್ಯಾನಲ್ಲನ್ನು ಸಜ್ಜಾ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಹದಿನಾಲ್ಕು ಡಿಗ್ರಿ ಓರೆ ಇಟ್ಟಿದ್ದೆ. ನಮ್ಮೂರು ಇರೋದು ಹದಿನಾಲ್ಕು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ವರ್ಷಪೂರ್ತಿ ಹೆಚ್ಚು ಕರೆಂಟ್ ಬೇಕಾದರೆ ಅದೇ ಸರಿ. ನನಗೆ ಬೇಕಿದ್ದದ್ದು ಹೆಚ್ಚು ಕರೆಂಟಲ್ಲ, ಬೆಳಗಿನ ಕರೆಂಟು. ಪೂರ್ವಕ್ಕೆ ತಿರುಗಿಸಿ ನಲವತ್ತು ಡಿಗ್ರಿ ಎತ್ತಿ ನಿಲ್ಲಿಸಿದೆ. ಮರುದಿನ ಪಂಪು ಏಳೂ ಮುಕ್ಕಾಲಿಗೇ ಶುರು. ಸಂಜೆ ನಾಲ್ಕಕ್ಕೇ ಮಲಗುತ್ತದೆ, ಮಲಗಲಿ. ಮನೆಯ ಪೂರ್ವಕ್ಕೆ ಎತ್ತರದ ಕಟ್ಟಡ ಇದ್ದವರಿಗೆ ಈ ಉಪಾಯ ನಡೆಯದು, ಅವರು ಬ್ಯಾಟರಿ ಸೆಟ್ಟೇ ತರಬೇಕು.

ಬ್ಯಾಟರಿ ಬಗ್ಗೆಯೂ ಹೇಳಿಬಿಡುತ್ತೇನೆ, ಪಕ್ಕದ ಮನೆಯವರದ್ದು ಬಿಚ್ಚಿದ್ದೇನೆ. ಒಳಗಿರೋದು 18650 ಅನ್ನುವ ಲಿಥಿಯಂ ಸೆಲ್. ಅದನ್ನು ಪ್ಯಾನಲ್ಲಿನ ಬೆನ್ನಿಗೇ ಅಂಟಿಸಿದ್ದರು. ಬೇಸಿಗೆಯಲ್ಲಿ ಆ ಬೆನ್ನು ಮುಟ್ಟಿದರೆ ಕೈ ಸುಡುತ್ತದೆ, ಲಿಥಿಯಂ ಸೆಲ್ಲಿಗೆ ಬಿಸಿಯೇ ಶತ್ರು. ಒಂದೇ ಬೇಸಿಗೆಗೆ ಸತ್ತಿತ್ತು. ಹೊಸ ಸೆಲ್ ಹಾಕಿ ಡಬ್ಬಿಯನ್ನು ಗೋಡೆಯ ನೆರಳಿಗೆ ಇಳಿಸಿದ ಮೇಲೆ ಸರಿಯಿದೆ. ಕೊಳ್ಳುವಾಗ ಬ್ಯಾಟರಿ ಡಬ್ಬಿ ಪ್ಯಾನಲ್ಲಿಂದ ಬೇರೆ ಇದೆಯಾ, ಸ್ಕ್ರೂ ಬಿಚ್ಚಿ ಸೆಲ್ ಬದಲಿಸಲು ಬರುತ್ತಾ ಅಂತ ನೋಡಿ. ವೈರ್ ಉದ್ದ ಮಾಡುವುದಾದರೆ ದಪ್ಪ ವೈರೇ ಹಾಕಿ, ಆರು ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದರೆ ಸಣ್ಣ ಮಾತಲ್ಲ.

ನಮ್ಮ ಬೋರ್ ನೀರು ಗಡಸು. ಮೂರು ವಾರಕ್ಕೆ ಪಂಪು ಸುಣ್ಣ ಕಟ್ಟಿ ಗೊರಗೊರ ಅನ್ನುತ್ತದೆ. ಇದರಲ್ಲಿ ಕಾರ್ಬನ್ ಬ್ರಷ್ ಇಲ್ಲ, ಸುತ್ತೋಕೆ ಕಾಯಿಲ್ ಕೈಗೆ ಸಿಗೋದಿಲ್ಲ, ಎಲ್ಲ ಮುಚ್ಚಿ ಎರಕ ಹೊಯ್ದಿರುತ್ತಾರೆ. ಮುಂದಿನ ಮುಚ್ಚಳ ಉಗುರಲ್ಲಿ ಎಬ್ಬಿಸಿ ಎಳೆದರೆ ಅಯಸ್ಕಾಂತದ ಸಮೇತ ಪುಟ್ಟ ಚಕ್ರ ಈಚೆ ಬರುತ್ತದೆ. ನಿಂಬೆರಸದ ನೀರಲ್ಲಿ ಅರ್ಧ ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಮುಗಿಯಿತು. ಹೊಂಗೆ ಹೂ ಬಿಡುವ ಕಾಲದಲ್ಲಿ ಬಾನಿ ತುಂಬ ಮಂಡಕ್ಕಿ ಚೆಲ್ಲಿದ ಹಾಗಿರುತ್ತದೆ, ಪಂಪಿಗೆ ಹಳೇ ಕಾಲುಚೀಲ ಸುತ್ತುತ್ತೇನೆ. ರಾತ್ರಿ ನೀರು ನಿಲ್ಲುವುದರಿಂದ ಸೊಳ್ಳೆ ಮೊಟ್ಟೆ ಇಡುತ್ತದೆ. ಬಿಸಿಲೂರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ ಸಾಕು. ಬಕೆಟ್ ಬಾಯಿಗೆ ಸೊಳ್ಳೆ ಪರದೆ ಕಟ್ಟಿದ್ದೇನೆ. ಬಾನಿಯನ್ನು ಎರಡು ದಿನಕ್ಕೊಮ್ಮೆ ಬರಿದು ಮಾಡಿ ತೆಂಗಿನ ನಾರಲ್ಲಿ ತಿಕ್ಕುತ್ತೇನೆ, ಸೋಪು ಮುಟ್ಟಿಸೋದಿಲ್ಲ. ಬೆಕ್ಕು ಅಡಗುವ ದಾಸವಾಳದ ಪೊದೆಯನ್ನು ಆರಡಿ ದೂರಕ್ಕೆ ಕತ್ತರಿಸಿದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು.

ಈಗಿನ ತಲೆನೋವು ಕಾಗೆಯದು. ಎಲ್ಲಿಂದಲೋ ಒಣರೊಟ್ಟಿ ಚೂರು ತಂದು ಬಾನಿಯಲ್ಲಿ ನೆನೆಸಿಟ್ಟು, ಅರ್ಧ ಗಂಟೆ ಬಿಟ್ಟು ಬಂದು ತಿನ್ನುತ್ತದೆ. ಅವ್ವನಿಗೆ ಅದನ್ನು ನೋಡೋದೇ ಖುಷಿ. ಅವಳ ಮಣ್ಣಿನ ತಟ್ಟೆ ಇನ್ನೂ ಗೋಡೆ ಮೇಲೇ ಇದೆ, ಗುಬ್ಬಿಗಳು ನನ್ನ ಬಾನಿ ಬಿಟ್ಟು ಅಲ್ಲಿಗೇ ಹೋಗುತ್ತವೆ.