ಮನೆಯವರ ಆರೈಕೆ ಮಾಡುವ ವಿದ್ಯಾರ್ಥಿಗಳಿಗೆ ಬ್ರಿಟನ್ನಿನಲ್ಲಿ ಸಿಗುವ ನೆರವು

ಬ್ರಿಟನ್ನಿನಲ್ಲಿರುವ ಕನ್ನಡ ಕುಟುಂಬಗಳ ಗಮನಕ್ಕೆ. ಅನಾರೋಗ್ಯದಲ್ಲಿರುವ ತಾಯಿಯನ್ನೋ ಅಂಗವಿಕಲ ತಮ್ಮನನ್ನೋ ನೋಡಿಕೊಳ್ಳುತ್ತ ಓದುತ್ತಿರುವ ಮಕ್ಕಳು ಇಂಗ್ಲೆಂಡಿನಲ್ಲಿ ‘ಕೇರರ್ಸ್ ಅಲೋವೆನ್ಸ್’ಗೆ (ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಭತ್ಯೆ) ಅರ್ಜಿ ಹಾಕಿ ನಿರಾಶರಾಗುವುದುಂಟು. ಏಕೆಂದರೆ ವಾರಕ್ಕೆ 35 ಗಂಟೆ ಆರೈಕೆ ಮಾಡುತ್ತಿದ್ದರೂ, ವ್ಯಾಸಂಗ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಭತ್ಯೆ ಸಿಗುವುದಿಲ್ಲ. ಈ ನಿಯಮ ನನಗಂತೂ ನ್ಯಾಯವೆನಿಸುವುದಿಲ್ಲ.

ಆದರೆ 16ರಿಂದ 19 ವಯಸ್ಸಿನವರು ತಮ್ಮ ಕಾಲೇಜಿನ ವಿದ್ಯಾರ್ಥಿ ಸಹಾಯ ವಿಭಾಗದಲ್ಲಿ ‘ಬರ್ಸರಿ ಫಂಡ್’ (ಓದಿನ ಖರ್ಚಿಗೆ ಕೊಡುವ ಸಹಾಯಧನ) ಕುರಿತು ವಿಚಾರಿಸಬೇಕು. ಪ್ರಯಾಣ, ಪುಸ್ತಕ, ಊಟದ ಖರ್ಚಿಗೆ ಎಷ್ಟು ಕೊಡಬೇಕೆಂಬುದನ್ನು ಬಹುತೇಕ ಕಾಲೇಜೇ ತೀರ್ಮಾನಿಸುವುದರಿಂದ, ಮನೆಯ ಪರಿಸ್ಥಿತಿಯನ್ನು ಸಂಕೋಚಪಡದೆ ಬರವಣಿಗೆಯಲ್ಲಿ ತಿಳಿಸುವುದು ಒಳ್ಳೆಯದು. ನಮ್ಮವರು ಇಂಥ ವಿಷಯವನ್ನು ಮುಚ್ಚಿಡುವುದೇ ಹೆಚ್ಚು.

ಸ್ಕಾಟ್ಲೆಂಡಿನ ಸ್ಥಿತಿ ಬೇರೆ. ಅಲ್ಲಿ 2019ರಲ್ಲಿ ಆರಂಭವಾದ ‘ಯಂಗ್ ಕೇರರ್ ಗ್ರಾಂಟ್’ ಎಂಬ, ಆರೈಕೆ ಮಾಡುವ ಕಿರಿಯರಿಗಾಗಿನ ಸಹಾಯಧನ 16ರಿಂದ 18 ವಯಸ್ಸಿನವರಿಗೆ ವರ್ಷಕ್ಕೊಮ್ಮೆ ದೊರೆಯುತ್ತದೆ. ವಾರಕ್ಕೆ ಸರಾಸರಿ 16 ಗಂಟೆಯಂತೆ ಮೂರು ತಿಂಗಳು ಆರೈಕೆ ಮಾಡಿರಬೇಕು, ಆರೈಕೆ ಪಡೆಯುವವರಿಗೆ ನಿಗದಿತ ಅಂಗವಿಕಲ ಭತ್ಯೆ ಬರುತ್ತಿರಬೇಕು, ಆದರೆ ಪೂರ್ಣಾವಧಿ ವ್ಯಾಸಂಗ ಇದಕ್ಕೆ ಅಡ್ಡಿಯಲ್ಲ.

ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯಬಾರದೆಂಬ ಷರತ್ತಿದ್ದರೆ, ಯಾವುದೇ ಅರ್ಜಿಗೆ ಮೊದಲು ವಲಸೆ ಸಲಹೆಗಾರರನ್ನು ಕೇಳಿಕೊಳ್ಳಿ.