ಹಲ್ಲಿನ ಕಲೆ ತಿಕ್ಕುವ ಮೊದಲು ಇಷ್ಟು ನೋಡಿ

ಹಲ್ಲಿಗೆ ಕಲೆ ಬಿತ್ತೆಂದು ಇದ್ದಿಲು, ಉಪ್ಪು, ನಿಂಬೆರಸ ಹಾಕಿ ತಿಕ್ಕುವವರು ನಮ್ಮಲ್ಲಿ ಬಹಳ. ದಯವಿಟ್ಟು ನಿಲ್ಲಿಸಿ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ, ಒಳಗಿನ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ.

ಮೊದಲು, ಕಲೆ ಬಂದದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆ್ಯಂಟಿಬಯಾಟಿಕ್ ಸಿರಪ್ ಕುಡಿಯುವ ದಿನಗಳಲ್ಲಿ ಮಗುವಿನ ಹಲ್ಲು ಹಳದಿಯೋ ಕಂದೋ ಆಗಿದ್ದರೆ ಅದು ಸಾಮಾನ್ಯವಾಗಿ ಮೇಲಿನ ಕಲೆ. ಬ್ರಷ್‌ಗೆ ಹೋಗದಿದ್ದರೆ ದಂತವೈದ್ಯರಲ್ಲಿ ಕ್ಲೀನಿಂಗ್ ಮಾಡಿಸಿದರೆ ಸಾಕು. ಕಬ್ಬಿಣದ ಟಾನಿಕ್‌ನ ಕಪ್ಪು ಕಲೆಯೂ ಹೀಗೆಯೇ.

ಹಲ್ಲು ಮೂಡುವಾಗಲೇ ಬಣ್ಣವಿತ್ತೇ? ಹಳದಿ, ಬೂದು, ಕಂದು ಅಡ್ಡಪಟ್ಟಿಗಳಿದ್ದರೆ ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯಾಟಿಕ್ ಮೇಲೆ ಅನುಮಾನ ಪಡಬೇಕು. ಈ ಔಷಧ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಹಲ್ಲು ರೂಪುಗೊಳ್ಳುವಾಗ ಅದರೊಳಗೇ ಸೇರಿಬಿಡುತ್ತದೆ. ಬಿಸಿಲು ತಾಗುವ ಮುಂದಿನ ಹಲ್ಲುಗಳಲ್ಲಿ ಹಳದಿ ಕ್ರಮೇಣ ಬೂದು-ಕಂದಿಗೆ ತಿರುಗುತ್ತದೆ. ಈ ಗುಂಪಿನ ಮೊದಲ ಔಷಧ 1948ರಲ್ಲಿ ಬಂತು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅದರ ಸಂಶೋಧನೆಯ ಮುಂದಾಳು. ಲೆಕ್ಕವಿಲ್ಲದಷ್ಟು ಜೀವ ಉಳಿಸಿದ ಔಷಧವದು. ಹಲ್ಲಿನ ಮೇಲಿನ ಪರಿಣಾಮ ತಿಳಿದದ್ದು ಆಮೇಲೆ. ಹಾಗಾಗಿಯೇ ಬಸಿರಿನ ನಾಲ್ಕನೇ ತಿಂಗಳಿನಿಂದ ಮಗುವಿಗೆ 8 ವರ್ಷ ತುಂಬುವವರೆಗೆ ಟೆಟ್ರಾಸೈಕ್ಲಿನ್ ಕೊಡುವುದನ್ನು ತಪ್ಪಿಸುತ್ತಾರೆ. ಮೊಡವೆಗೆ ಕೊಡುವ, ಇದೇ ಗುಂಪಿನ ಮಿನೊಸೈಕ್ಲಿನ್ ಮಾತ್ರ ದೊಡ್ಡವರ ಹಲ್ಲನ್ನೂ ಬಣ್ಣಗೆಡಿಸಬಲ್ಲದು.

ಪಾವಗಡ, ಕೋಲಾರದ ಕಡೆಯವರಾದರೆ ಕೊಳವೆಬಾವಿ ನೀರನ್ನೂ ಮರೆಯಬೇಡಿ. ಅಣ್ಣತಮ್ಮಂದಿರು, ನೆರೆಮನೆಯ ಮಕ್ಕಳು ಎಲ್ಲರಿಗೂ ಸುಣ್ಣದಂಥ ಬಿಳಿ ಮಚ್ಚೆ, ಕಂದು ಕಲೆ ಇದ್ದರೆ ಅದು ಫ್ಲೋರೈಡ್ ಇರಬಹುದು.

ಒಳಗಿನ ಕಲೆಗೆ ಚಿಕಿತ್ಸೆ ಇದೆ, ತಾಳ್ಮೆ ಬೇಕು. ದಂತವೈದ್ಯರು ನಿಮ್ಮ ಹಲ್ಲಿನ ಅಳತೆಗೆ ಟ್ರೇ ಮಾಡಿ, ರಾತ್ರಿ ಹಾಕಿಕೊಳ್ಳಲು ಹಲ್ಲು ಬಿಳಿಯಾಗಿಸುವ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಕೊಡುತ್ತಾರೆ. ಚಹಾದ ಕಲೆಗೆ ಕೆಲವು ವಾರ ಸಾಕಾದರೆ ಇದಕ್ಕೆ ತಿಂಗಳುಗಳೇ ಬೇಕು; ಒಸಡಿನ ಬಳಿಯ ಗಾಢ ಪಟ್ಟಿ ಎಲ್ಲಕ್ಕಿಂತ ಹಟಮಾರಿ. ಅದಕ್ಕೂ ಬಗ್ಗದಿದ್ದರೆ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ.

ಕೊನೆಯದಾಗಿ, ಮಲೆನಾಡಿನ ತಾಯಂದಿರಿಗೆ ಒಂದು ಮಾತು. ಸ್ಕ್ರಬ್ ಟೈಫಸ್ ಜ್ವರಕ್ಕೆ ವೈದ್ಯರು ಮಗುವಿಗೆ ಡಾಕ್ಸಿಸೈಕ್ಲಿನ್ ಬರೆದರೆ ಹಲ್ಲಿನ ಭಯಕ್ಕೆ ತಪ್ಪಿಸಬೇಡಿ. ಅದು ಟೆಟ್ರಾಸೈಕ್ಲಿನ್ ಗುಂಪಿನದೇ ಆದರೂ ಕ್ಯಾಲ್ಸಿಯಂಗೆ ಅಂಟುವುದು ಕಡಿಮೆ. ಕೆಲವೇ ದಿನ ಕೊಟ್ಟ ಮಕ್ಕಳಲ್ಲಿ ಅಂಥ ಕಲೆ ಕಂಡುಬಂದಿಲ್ಲ. ಆ ಜ್ವರವನ್ನು ಹಾಗೇ ಬಿಟ್ಟರೆ ಪ್ರಾಣಕ್ಕೇ ಕುತ್ತು.